ತಿಂಗಳಿಗೊಂದೇ ಶನಿವಾರ

ಹೊನ್ನಾವರದಲ್ಲಿ ಮೀನು ಮಾರುವ ಅಕ್ಕನೊಬ್ಬಳ ಹಾಡಿಗೆ ನಾನು ಹಾರ್ಮೋನಿಯಂ ನುಡಿಸುತ್ತೇನೆ. ಮೊದಲ ಸಲ ಮುರ್ಡೇಶ್ವರದ ಹೋಟೆಲೊಂದರಲ್ಲಿ ಶನಿವಾರ ಸಂಜೆ ಹಾಡಿದಾಗ ಮ್ಯಾನೇಜರಿಗೆ ಬಹಳ ಹಿಡಿಸಿತು.

"ಅಕ್ಕಾ, ಇನ್ನು ಪ್ರತಿ ಶನಿವಾರ ಬನ್ನಿ" ಎಂದರು.

ನಾನು ಹಿಗ್ಗಿದೆ. ಅವಳು ಮಾತ್ರ, "ತಿಂಗಳಿಗೆ ಒಂದು ಸಲ ಬರ್ತೇವೆ, ಸಾರ್" ಎಂದುಬಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟಿನಿಂದಲೇ ಕೇಳಿದೆ, "ಎಂತಕ್ಕೆ ಒಪ್ಪಲಿಲ್ಲ ಅಕ್ಕಾ?"

"ನನಗೆ ಚೆಂದ ಮಾಡಿ ಬರೋದು ಎಂಟು ಹಾಡು, ತಮ್ಮಾ. ಎಂಟೂ ಇವತ್ತೇ ಹಾಡಿ ಆತು. ಹೊಸದು ಕಲೀಲಿಕ್ಕೆ ದಿನ ಬೇಕಲ್ಲ."

ಅವಳು ಹೇಳಿದಂತೆಯೇ ಮಾಡಿದಳು. ಮೀನು ಖಾಲಿಯಾದ ಮಧ್ಯಾಹ್ನಗಳಲ್ಲಿ ಕಾಗಾಲ ಎಂಬ ಊರಿನ ಮುದುಕಿಯೊಬ್ಬರ ಮನೆಗೆ ಹೋಗಿ, ಗದ್ದೆ ನಾಟಿಯ ಹಾಡೊಂದನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿದಳು. ನನ್ನನ್ನೂ ಕರೆದೊಯ್ದು, ನನ್ನ ಬೆರಳು ಆ ಧಾಟಿಗೆ ಹೊಂದುವ ತನಕ ಬಿಡಲಿಲ್ಲ.

ಮುಂದಿನ ತಿಂಗಳು ಆ ಹಾಡು ಶುರುವಾದಾಗ ಅಡುಗೆಯವರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಂತರು. ಊಟಕ್ಕೆ ಕೂತಿದ್ದ ಅಜ್ಜಿಯೊಬ್ಬರು ತಟ್ಟೆ ಸರಿಸಿ, ಎರಡನೇ ಸಾಲಿನಿಂದ ತಾವೂ ದನಿಗೂಡಿಸಿದರು. ಬಸ್ಸಿನಲ್ಲಿ ಸಿಟ್ಟು ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಎರಡು ವರ್ಷವಾಯಿತು. ಈಗಲೂ ತಿಂಗಳಿಗೊಮ್ಮೆಯೇ ಹೋಗುತ್ತೇವೆ, ಪ್ರತಿ ಸಲವೂ ಅವಳ ಬಳಿ ಒಂದಾದರೂ ಹೊಸ ಹಾಡು ಇರುತ್ತದೆ.