ಜೋಲಿಯ ಹಗ್ಗ ಹಿಡಿದ ಮುಸುವ

ತಲೆ ಎತ್ತಿ ನೋಡಿದರೆ, ಬೇವಿನ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯ ಹಗ್ಗ ಹಿಡಿದು ಕರಿಮೋರೆಯ ದೊಡ್ಡ ಮುಸುವ ಕೋತಿ ಕೂತಿತ್ತು! ಜೋಲಿಯೊಳಗೆ ನನ್ನ ಮೊಮ್ಮಗಳು, ಇನ್ನೂ ಹಲ್ಲು ಬಾರದ ಕೂಸು. ಸಾಸವಡದ ಹತ್ತಿರದ ನಮ್ಮ ಹೊಲದಲ್ಲಿ ನಾನೂ ಸೊಸೆಯೂ ಶೇಂಗಾ ಊರುತ್ತಿದ್ದೆವು. ಸೊಸೆ ಕಲ್ಲು ಎತ್ತಿಕೊಂಡಳು. ನಾನು ಅವಳ ಕೈ ಹಿಡಿದೆ.

“ಒಗೀಬ್ಯಾಡ ಯವ್ವಾ! ಹೆದರಿ ಕೂಸಿನ ಮ್ಯಾಲೆ ಜಿಗದ್ರ ಹ್ಯಾಂಗ?”

“ಅತ್ತಿ, ಬೀಜದ ಗಂಟೂ ಅಲ್ಲೇ ಕಟ್ಟೀರೇನ್ರಿ? ಅದನ್ನ ಊಟಕ್ಕ ಕರದಾಂಗ ಆತಲ್ರಿ!”

ಹೌದು, ಇರುವೆ ಮುತ್ತಬಾರದೆಂದು ಬಿತ್ತನೆಯ ಶೇಂಗಾ ಗಂಟನ್ನು ಅದೇ ಕೊಂಬೆಗೆ ತೂಗುಹಾಕಿದ್ದು ನಾನೇ. ಮುಸುವ ಗಂಟು ಎಳೆದಾಗಲೆಲ್ಲ ಜೋಲಿ ತೂಗುತ್ತಿತ್ತು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಅದು ಹೊಟ್ಟೆ ತುಂಬ ತಿಂದು, ಉಳಿದದ್ದನ್ನು ಕೆಳಗೆ ಚೆಲ್ಲಿ, ಕೊನೆಗೆ ಮರ ಬಿಟ್ಟು ಹೋಯಿತು. ಓಡಿಹೋಗಿ ಎತ್ತಿಕೊಂಡರೆ ಕೂಸು ಆಗಷ್ಟೇ ಎಚ್ಚರವಾಗಿ ಆಕಳಿಸಿತು. ನಾನು ನಕ್ಕೆನೋ ಅತ್ತೆನೋ ದೇವರಿಗೇ ಗೊತ್ತು.

ಮಳೆ ಬಿದ್ದ ಮೇಲೆ ಹೊಲಕ್ಕಿಂತ ಮೊದಲು ಮೊಳೆತದ್ದು ಬೇವಿನ ಕೆಳಗೆ ಚೆಲ್ಲಿದ್ದ ಆ ಬೀಜಗಳೇ. ಅವನ್ನು ನಾನು ಕಿತ್ತಿಲ್ಲ. ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಎಳೆ ಎಲೆಗಳನ್ನು ಮುಟ್ಟಿಸುತ್ತೇನೆ, ಆದರೆ ನನ್ನ ಕಣ್ಣು ಮಾತ್ರ ಕೊಂಬೆಯ ಮೇಲೇ ಇರುತ್ತದೆ.