ಬಾತುಗಳು ಎದ್ದು ನಿಂತ ಮಧ್ಯಾಹ್ನ

ನನ್ನ ಕವಣೆಗೆ ಗುರಿಯಿಲ್ಲ ಎಂದು ಊರೆಲ್ಲ ನಗುತ್ತಿತ್ತು. ನಗಲಿ ಎಂದು ನಾನೂ ಬಿಟ್ಟಿದ್ದೆ. ಕೌತಾಳದ ಆಚೆ, ತುಂಗಭದ್ರೆಯ ದಂಡೆಯ ಮೇಲೆ ನಮ್ಮ ಕಡಲೆ ಹೊಲ. ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಬಾತುಗಳು ಬರುತ್ತಿದ್ದವು. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಎಲ್ಲಿಂದ ಬರುತ್ತಿದ್ದವೋ ನಮಗ್ಯಾರಿಗೂ ಗೊತ್ತಿರಲಿಲ್ಲ. ಎಳೆ ಕಡಲೆಯ ಕುಡಿ ಅವಕ್ಕೆ ಹಬ್ಬದೂಟ. ಅವನ್ನು ಎಬ್ಬಿಸಲೆಂದೇ ಅಣ್ಣ ನನ್ನನ್ನು ಹೊಲದ ಕಾವಲು ಅಟ್ಟದ ಮೇಲೆ ಕೂರಿಸಿದ್ದ. ನನಗಾಗ ಹತ್ತೊಂಬತ್ತು, ಮದುವೆ ಇನ್ನೂ ಕೂಡಿ ಬಂದಿರಲಿಲ್ಲ.

ಈಗ ಹೇಳಿದರೆ ಯಾರೂ ಬೈಯುವುದಿಲ್ಲ, ಹೇಳಿಬಿಡುತ್ತೇನೆ. ನನ್ನ ಗುರಿ ಚೆನ್ನಾಗಿಯೇ ಇತ್ತು. ಆದರೆ ಬಾತು ನೆಲಕ್ಕಿಳಿಯುವಾಗ ರೆಕ್ಕೆ ಅಗಲಿಸಿ, ಕಾಲು ಮುಂದೆ ಚಾಚಿ, ಗಾಳಿಯಲ್ಲಿ ಒಂದು ಗಳಿಗೆ ನಿಂತೇ ಬಿಡುತ್ತದೆ. ಅದನ್ನು ನೋಡಿದ ಮೇಲೆ ಕಲ್ಲು ಬೀಸಲು ಕೈ ಬರುತ್ತಿರಲಿಲ್ಲ. ಬೇಕೆಂದೇ ಹತ್ತು ಮಾರು ಆಚೆ ಎಸೆಯುತ್ತಿದ್ದೆ. ಮೂರು ಚಳಿಗಾಲ ಹೀಗೇ ಕಳೆದವು. ಸಾಲುಗಟ್ಟಲೆ ಬೋಳಾದ ಕಡಲೆ ನೋಡಿ ಅತ್ತಿಗೆ ಬೈಯುತ್ತಿದ್ದಳು, ನಾನು ತಲೆ ತಗ್ಗಿಸುತ್ತಿದ್ದೆ.

ಆ ವರ್ಷ ಅತ್ತಿಗೆ ಹೊಳೆಯ ನಡುವಿನ ಮರಳುಗಡ್ಡೆಯಲ್ಲಿ ಕಲ್ಲಂಗಡಿ ಬೀಜ ಊರಿದ್ದಳು. ಗಡ್ಡೆಗೆ ಹೋಗಲು ಮೊಣಕಾಲುದ್ದ ನೀರು ದಾಟಿದರಾಯಿತು. ಹೊಳೆ ಬರಬೇಕಾದರೆ ಪಡುವಲಲ್ಲಿ ಮೋಡ ಕಟ್ಟಬೇಕು ಎಂಬುದು ನಮ್ಮ ಹಿರಿಯರ ಲೆಕ್ಕ. ಮೇಲೆ ಅಣೆಕಟ್ಟು ಬಂದಿದೆ, ಇನ್ನು ಮೋಡವಿಲ್ಲದೆಯೂ ನೀರು ಬರಬಹುದು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಮಧ್ಯಾಹ್ನ. ಅಣ್ಣ ಹತ್ತಿ ಹೇರಿಕೊಂಡು ಆದೋನಿಗೆ ಹೋಗಿದ್ದ. ಅತ್ತಿಗೆ ಗಡ್ಡೆಯ ಮೇಲೆ ಬಗ್ಗಿ, ಬಳ್ಳಿಯ ಗುಣಿಗಳಿಗೆ ಗೊಬ್ಬರ ಹಾಕುತ್ತಿದ್ದಳು. ಪಕ್ಕದಲ್ಲಿ ಕುಡಿಯುವ ನೀರಿನ ಹೊಸ ಗಡಿಗೆ, ಹಕ್ಕಿ ಬೆದರಿಸುವ ತಗಡಿನ ಡಬ್ಬಿ. ಗಡ್ಡೆಯ ಮೇಲ್ತುದಿಯಲ್ಲಿ ಬಾತುಗಳು ಮರಳಿಗೆ ಹೊಟ್ಟೆ ಊರಿ ನಿದ್ದೆ ಮಾಡುತ್ತಿದ್ದವು. ನಾನು ಅಟ್ಟದಿಂದ ಅವನ್ನೇ ನೋಡುತ್ತಿದ್ದೆ.

ಒಮ್ಮೆಗೇ ಎಲ್ಲವೂ ಕತ್ತೆತ್ತಿ ಎದ್ದು ನಿಂತವು. ನಾಯಿಯಿಲ್ಲ, ನರಿಯಿಲ್ಲ. ಗಡ್ಡೆಯ ದಿಬ್ಬದ ಕಡೆ ನಾಲ್ಕು ಹೆಜ್ಜೆ ನಡೆದು ನಿಂತವು. ಸ್ವಲ್ಪ ಹೊತ್ತಿಗೆ ಮತ್ತೆ ನಾಲ್ಕು ಹೆಜ್ಜೆ. ಅವು ಮೊದಲು ಮಲಗಿದ್ದ ಜಾಗ ನೋಡಿದೆ. ಅಲ್ಲಿ ಮರಳೇ ಇರಲಿಲ್ಲ, ನೀರಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಅತ್ತಿಗೆಗೆ ಈಜು ಬರುವುದಿಲ್ಲ, ನನಗೂ ಬರುವುದಿಲ್ಲ.

"ಹೋ..." ಎಂದು ಕೂಗಿದೆ. ಹಕ್ಕಿ ಕಾಯುವವರಲ್ಲಿ ಒಂದು ಪದ್ಧತಿ: ಒಬ್ಬರು ಹೋ ಎಂದರೆ ಹಕ್ಕಿ ಇಳಿದಿವೆ ಎಂದು ಅರ್ಥ, ಕೇಳಿದವರು ತಿರುಗಿ ಕೂಗಿ ಡಬ್ಬಿ ಬಡಿಯಬೇಕು. ಅತ್ತಿಗೆ ತಲೆಯನ್ನೂ ಎತ್ತದೆ "ಹೋ" ಎಂದಳು, ಡಬ್ಬಿ ಬಡಿದಳು. ಬಾತುಗಳೆಲ್ಲ ಎದ್ದು ಹಾರಿಹೋದವು. "ನೀರು, ನೀರು" ಎಂದು ಅರಚಿದೆ. ಎದುರು ಗಾಳಿ. ಆಕೆ ಮತ್ತೆ ಡಬ್ಬಿ ಬಡಿದಳು. ನನಗೆ ಅಳು ಬಂತು.

ಅಟ್ಟದಿಂದ ಜಿಗಿದು ದಂಡೆಯ ಅಂಚಿಗೆ ಓಡಿದೆ. ಮೊಣಕಾಲುದ್ದ ಇದ್ದ ನೀರು ಆಗಲೇ ತೊಡೆ ಮುಟ್ಟುವಷ್ಟಾಗಿ, ಕಸಕಡ್ಡಿ ಹೊತ್ತು ಬರುತ್ತಿತ್ತು. ಆಗ ಒಂದು ಮಾತು ಹೊಳೆಯಿತು: ಬಾ ಎಂದರೆ ಬಾರದ ಅತ್ತಿಗೆ, ಬೈಯುವುದಕ್ಕಾದರೆ ಬಂದೇ ಬರುತ್ತಾಳೆ.

ಕವಣೆಗೆ ಕಲ್ಲಿಟ್ಟು ಬೀಸಿದೆ. ಮೊದಲನೆಯದು ಗಡ್ಡೆ ಮುಟ್ಟದೆ ನೀರಿಗೆ ಬಿತ್ತು. ಎರಡನೆಯದನ್ನು ಬೀಸುವಾಗ ಗಡಿಗೆಗೂ ಆಕೆಯ ತಲೆಗೂ ನಡುವೆ ಎರಡು ಗೇಣು ಮಾತ್ರ ಇತ್ತು. ತಪ್ಪಿದರೆ ಏನಾಗುತ್ತದೆಂದು ಗೊತ್ತಿತ್ತು. ಕಣ್ಣು ಮಿಟುಕಿಸದೆ ಬಿಟ್ಟೆ. ಗಡಿಗೆ ಪುಡಿಪುಡಿಯಾಯಿತು.

ಅತ್ತಿಗೆ ನೆಟ್ಟಗಾದಳು. ಸಿಟ್ಟು ನೆತ್ತಿಗೇರಿದರೆ ಆಕೆಗೆ ತವರಿನ ತೆಲುಗೇ ಬರುತ್ತಿತ್ತು. "ನೀ ಚೆಯ್ಯಿ ಪಡಿಪೋನು" ಎಂದು ನನ್ನ ಕೈ ಬಿದ್ದುಹೋಗಲೆಂದು ಶಪಿಸುತ್ತ, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ನಡುವೆ ಬರುವಷ್ಟರಲ್ಲಿ ನೀರು ಸೊಂಟಕ್ಕೆ ಬಂತು. ಆಗ ಬೈಗುಳ ನಿಂತಿತು. ದಂಡೆ ಇನ್ನೊಂದು ಮಾರು ಇದೆ ಎನ್ನುವಾಗ ಕಾಲು ಜಾರಿತು, ವಾಲಿದಳು. ನಾನು ಒಂದು ಕೈಯಲ್ಲಿ ಜಾಲಿಯ ಬೇರು ಹಿಡಿದು ಕವಣೆಯ ಹಗ್ಗ ಎಸೆದೆ, ಸಿಕ್ಕಿತು, ಎಳೆದೆ.

ದಂಡೆಯ ಮೇಲೆ ಕೂತು ಇಬ್ಬರೂ ನೋಡಿದೆವು. ಕಲ್ಲಂಗಡಿಯ ಗುಣಿಗಳು ಒಂದೊಂದಾಗಿ ಮುಳುಗಿದವು. ಅತ್ತಿಗೆ ಸೆರಗು ಹಿಂಡುತ್ತ ಕೇಳಿದಳು.

"ಹೊಳಿ ಬರೋದು ನಿನಗ ಹ್ಯಾಂಗ ತಿಳೀತು?"

"ಬಾತು ಎದ್ದು ನಿಂತ್ವು, ಅತ್ತಿಗಿ. ಅವನ್ನೇ ನೋಡ್ತಿದ್ದೆ."

"ಗಡಿಗಿ ಮುರಿಯೋ ಗುರಿ ಐತಿ ನಿನಗ. ಮೂರು ವರ್ಷ ಒಂದು ಹಕ್ಕಿಗೂ ಯಾಕ ತಾಗಲಿಲ್ಲ?"

ತಲೆ ತಗ್ಗಿಸಿ ಒದ್ದೆ ಕವಣೆಯ ಹಗ್ಗ ಸುತ್ತತೊಡಗಿದೆ. ಆಕೆ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡೆ. ನನ್ನ ಕೈಯಿಂದ ಕವಣೆ ಕಿತ್ತುಕೊಂಡಳು.

"ನಾಳಿಂದ ನೀ ಹತ್ತಿ ಬಿಡಿಸಾಕ ಹೋಗು. ಹಕ್ಕಿ ನಾ ಕಾಯ್ತೀನಿ."

ಮರುದಿನ ಹತ್ತಿ ಹೊಲದಲ್ಲಿ ನನ್ನ ಕಿವಿಯೆಲ್ಲ ಹೊಳೆಯ ಕಡೆಗೇ ಇತ್ತು. ಅತ್ತಿಗೆಯ ಕೈ ಬಲು ಗಟ್ಟಿ. ಎಷ್ಟು ಬಾತು ಬಿದ್ದವೋ ಎಂದು ಲೆಕ್ಕ ಹಾಕುತ್ತಿದ್ದೆ. ಸಂಜೆ ಆಕೆ ಬಂದು ಕವಣೆಕಲ್ಲಿನ ಚೀಲವನ್ನು ಗೂಟಕ್ಕೆ ಹಾಕಿ ಒಳಗೆ ಹೋದಳು. ಯಾರೂ ಇಲ್ಲದಾಗ ಎತ್ತಿ ನೋಡಿದೆ. ಬೆಳಿಗ್ಗೆ ನಾನೇ ಬಾಯಿತನಕ ತುಂಬಿ ಕಟ್ಟಿಕೊಟ್ಟ ಗಂಟು, ಇನ್ನೂ ಬಿಚ್ಚಿರಲಿಲ್ಲ.