ನಾಲ್ಕನೆಯ ಸ್ಥಾನದ ಯಾರೀನಾ

ಬೆಟ್ಟವೇ ಇಲ್ಲದ ಮಿಕೊಲಾಯಿವ್ ಊರಿನಲ್ಲಿ ಹುಟ್ಟಿ, ಕಾಲಿಗೆ ಸ್ಕೀ ಕಟ್ಟಿಕೊಂಡು ಆಕಾಶದಲ್ಲಿ ಪಲ್ಟಿ ಹೊಡೆಯುವುದನ್ನೇ ಬದುಕು ಮಾಡಿಕೊಂಡವಳು ಯಾರೀನಾ. ಹಿಮವಿಲ್ಲದ ಬೇಸಿಗೆಯೆಲ್ಲ ಕೊಳಕ್ಕೆ ಹಾರಿ ಅಭ್ಯಾಸ ಮಾಡುವುದರಿಂದ ಅವಳ ಕಿವಿಯಲ್ಲಿ ಸದಾ ನೀರು. ಕುಡಿಯುವ ನೀರಿನ ಸಾಲಿನಲ್ಲಿ ನಿಂತರೂ ಅಷ್ಟೇ, ಕಣ್ಣು ಮುಚ್ಚಿ, ಕೈ ಮೇಲೆತ್ತಿ, ಸೊಂಟ ತಿರುಗಿಸುತ್ತಾ ಮನಸ್ಸಿನಲ್ಲೇ ಒಂದು ಜಿಗಿತ ಮುಗಿಸುತ್ತಾಳೆ. "ಇಲ್ಲೇ ಪಲ್ಟಿ ಹೊಡಿತೀಯೇನೇ? ಮೊದ್ಲು ಕ್ಯಾನ್ ಮುಂದೆ ತಳ್ಳೇ ತಾಯಿ!" ಎಂದು ನೆರೆಮನೆಯ ಹಾನ್ನಾ ಅಜ್ಜಿ ಗದರಿದರೆ, "ಇರಜ್ಜಿ, ಇನ್ನೂ ನೆಲ ಮುಟ್ಟಿಲ್ಲ," ಎನ್ನುತ್ತಾಳೆ. ಸ್ಪರ್ಧೆಯ ದಿನ, ಎಲ್ಲರೂ ಬಂದಿಳಿಯುವ ಗಟ್ಟಿ ಹಿಮವನ್ನು ಸಲಿಕೆಯಿಂದ ಕಡಿದು ಮೆತ್ತಗೆ ಮಾಡುವುದರಲ್ಲಿ ಅವಳೇ ಮುಂದು. ಎದುರಾಳಿಗಳಿಗೂ ಹಾಸಿಗೆ ಹಾಸಿಕೊಡುವಷ್ಟು ಅಕ್ಕರೆ. ಆದರೆ ಆ ಇಳಿಜಾರಿನ ಅಂಚಿನಲ್ಲಿ ಒಂದು ಮೊಳ ಜಾಗಕ್ಕೆ ಮಾತ್ರ ಯಾರನ್ನೂ ಬಿಡುವುದಿಲ್ಲ. "ಆಚೆ ಸರೀರಪ್ಪ, ಅದು ಮಕಾರ್ ಯುಖಿಮೊವಿಚ್ ಅವರ ಜಾಗ!" ಅವಳ ಹಳೆಯ ಕೋಚ್ ಆದ ಅವರು ಅಲ್ಲಿ ನಿಂತು, ಅವಳು ಗಾಳಿಯಲ್ಲಿ ಸುತ್ತುತ್ತಿರುವಾಗ, "ಮೈ ಬಿಚ್ಚೇ ಮಗಳೇ!" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದೊಡನೆ ಅವಳು ಮೈ ನೇರ ಮಾಡಿ ಇಳಿಯುತ್ತಿದ್ದಳು. ಯುದ್ಧಕ್ಕೆ ಹೋದ ಅವರು ಮರಳಲಿಲ್ಲ. ಅಂದಿನಿಂದ ಎಲ್ಲಿ ಹಾರಿದರೂ ಅವಳದು ನಾಲ್ಕನೆಯ ಸ್ಥಾನ. ಮೈ ಬಿಚ್ಚುವುದು ಒಂದು ಚೂರು ತಡವೆಂದು ತೀರ್ಪುಗಾರರು ಅಂಕ ಕಳೆಯುತ್ತಾರೆ. "ಗಂಟಲು ಹರಿಯೋ ಹಾಗೆ ಕೂಗ್ತೀನಲ್ಲೇ, ಮೇಲೆ ಕೇಳ್ಸಲ್ವಾ?" ಎಂದು ಹೊಸ ಕೋಚ್ ಲೆಸ್ಯಾ ಸಿಡುಕುತ್ತಾಳೆ. ಯಾರೀನಾ ಸ್ಕೀಗೆ ಅಂಟಿದ ಹಿಮ ಒರೆಸುತ್ತಾ ಹೇಳುತ್ತಾಳೆ: "ಕೇಳ್ಸತ್ತೆ ಕಣೇ. ಅವರೂ ಕೂಗ್ತಾರೇನೋ ಅಂತ ಒಂಚೂರು ಕಾಯ್ತೀನಿ."